ಕನ್ನಡ ಪಠ್ಯಕ್ಕೆ ಕೈಕೊಡದ ಕೋಡ್ ತುಣುಕುಗಳು: ನಿಮ್ಮ ಬಳಿ ಇರುವುದನ್ನೂ ಹಾಕಿ

ತುಂಗಾತೀರ

ಕನ್ನಡದ ಸೈಟ್, ಆ್ಯಪ್ ಕಟ್ಟುವವರಿಗೆ ದಿನಬೆಳಗಾದರೆ ಬೇಕಾಗುವ ಸಣ್ಣ ಕೋಡ್ ತುಣುಕುಗಳು ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ನೆಟ್‌ನಲ್ಲಿ ಸಿಗುವ ತುಣುಕುಗಳಲ್ಲಿ ಜಾಸ್ತಿ ಪಾಲು ಇಂಗ್ಲಿಷ್ ಪಠ್ಯಕ್ಕೆ ಬರೆದವು. ಕಾಪಿ ಮಾಡಿ ಹಾಕಿದರೆ ಎರರ್ ಏನೂ ಬರುವುದಿಲ್ಲ. ಆದರೆ ಪರದೆ ಮೇಲೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಎರರ್ ಬಾರದೇ ಇರುವುದರಿಂದಲೇ ಟೆಸ್ಟಿಂಗ್‌ನಲ್ಲೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಮನವಿ. ಇಲ್ಲಿ ಪಿಎಚ್‌ಪಿಯವರು, ಪೈಥಾನ್‌ನವರು, ರಿಯಾಕ್ಟ್‌ನವರು ಎಲ್ಲರೂ ಇದ್ದೀರಿ. ಹಾಗಾಗಿ ತುಣುಕನ್ನು ಮಾತಿನಲ್ಲೇ ಬಿಡಿಸಿ ಹೇಳಿ. ಉಪಾಯ ಅರ್ಥವಾದರೆ ಅವರವರ ಭಾಷೆಯಲ್ಲಿ ಬರೆದುಕೊಳ್ಳುತ್ತಾರೆ.

ಮೊದಲನೆಯದು ನನ್ನಿಂದ. ಫೋಟೋ ಹಾಕದವರ ಪ್ರೊಫೈಲ್‌ನಲ್ಲಿ ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸುತ್ತೇವಲ್ಲ, ಅದು. ಎಲ್ಲ ಕಡೆ ಇರುವುದು ಸ್ಟ್ರಿಂಗ್‌ನ ಸೊನ್ನೆಯ ಜಾಗದ ಅಕ್ಷರ ತೆಗೆಯುವ ಚಾರ್‌ಆ್ಯಟ್. ಹೆಸರು ಶ್ರೀನಿವಾಸ ಅಂತಿದ್ದರೆ ವೃತ್ತದಲ್ಲಿ ಬರೀ ‘ಶ’ ಬರುತ್ತದೆ. ‘ಶ್ರೀ’ ನಮಗೆ ಒಂದೇ ಅಕ್ಷರವಾದರೂ ಯೂನಿಕೋಡಿನಲ್ಲಿ ನಾಲ್ಕು ಸಂಕೇತ: ಶ, ಹಲಂತ, ರ, ದೀರ್ಘ ಈ-ಕಾರದ ಚಿಹ್ನೆ. ಲೆಂಗ್ತ್ ಎಣಿಸುವುದೂ ಹೀಗೆಯೇ. ‘ಕನ್ನಡ’ ಓದುವವರಿಗೆ 3 ಅಕ್ಷರ, ಜಾವಾಸ್ಕ್ರಿಪ್ಟ್‌ಗೆ 5, ಪೈಥಾನ್‌ನ ಲೆನ್‌ಗೂ 5. ಪಿಎಚ್‌ಪಿಯ ಸ್ಟ್ರ್‌ಲೆನ್ ಬೈಟ್ ಎಣಿಸುತ್ತದೆ, ಹಾಗಾಗಿ ಅಲ್ಲಿ 15.

ಇದಕ್ಕೆ ಬ್ರೌಸರ್‌ನಲ್ಲೇ ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಇಂಟ್ಲ್ ಸೆಗ್ಮೆಂಟರ್ ಇದೆ. ಲೊಕೇಲ್ (ಭಾಷೆ) ‘ಕೆಎನ್’, ಗ್ರ್ಯಾನ್ಯುಲಾರಿಟಿ (ತುಂಡಿನ ಅಳತೆ) ‘ಗ್ರಾಫೀಮ್’ ಅಂತ ಕೊಟ್ಟು ಹೆಸರನ್ನು ಹಾಕಿದರೆ ತುಂಡು ಮಾಡಿ ಕೊಡುತ್ತದೆ, ಮೊದಲ ತುಂಡನ್ನು ತೆಗೆದುಕೊಂಡರೆ ಆಯಿತು. ಕ್ರೋಮ್‌ನಲ್ಲಿ 2020ರಿಂದ, ಸಫಾರಿಯಲ್ಲಿ 2021ರಿಂದ ಇದೆ. ಫೈರ್‌ಫಾಕ್ಸ್ ಮಾತ್ರ ತಡ, 2024ರ ಏಪ್ರಿಲ್‌ನ 125ನೇ ಆವೃತ್ತಿಯಲ್ಲಿ ಬಂತು.

ಬಯಲುಸೀಮೆ

ಒಳ್ಳೆ ಕೆಲಸ ಸರ್. ಆದರೆ ಸೆಗ್ಮೆಂಟರ್ ಒಂದೇ ಸಾಲುವುದಿಲ್ಲ. ಶ್ರೀನಿವಾಸ ಹೆಸರನ್ನೇ ಕನ್ಸೋಲ್‌ನಲ್ಲಿ ಹಾಕಿ ನೋಡಿ. ಮೊದಲ ತುಂಡು ‘ಶ್’ ಅಂತ ಬರುತ್ತದೆ, ಎರಡನೆಯದು ‘ರೀ’. ಚಾರ್‌ಆ್ಯಟ್ ಕೊಟ್ಟ ‘ಶ’ ಇದಕ್ಕಿಂತ ವಾಸಿ ಅಲ್ವಾ?

ಕಾರಣ ಯೂನಿಕೋಡ್ ನಿಯಮದಲ್ಲೇ ಇದೆ. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಂದೇ ತುಂಡಾಗಿ ಇಡುವ ಹೊಸ ನಿಯಮ ಸೇರಿಸಿದರು. ಅದು ಯಾವ ಲಿಪಿಗಳಿಗೆ ಅಂತ ಒಂದು ಪಟ್ಟಿಯೂ ಇದೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿನಲ್ಲಿ ‘ಶ್ರೀ’ ಒಂದೇ ತುಂಡು, ನಮ್ಮಲ್ಲಿ ಎರಡು. ಹೀಗಾಗಿ ‘ಕನ್ನಡ’ ಪದಕ್ಕೆ ಸೆಗ್ಮೆಂಟರ್ ಲೆಕ್ಕ 3 ಅಲ್ಲ, 4: ಕ, ನ್, ನ, ಡ.

ನಾವೇ ಜೋಡಿಸಿಕೊಳ್ಳಬೇಕು, ಕಷ್ಟವೇನಿಲ್ಲ. ಸೆಗ್ಮೆಂಟರ್ ಕೊಟ್ಟ ತುಂಡುಗಳ ಮೇಲೆ ಒಂದು ಲೂಪ್. ಹಿಂದಿನ ತುಂಡಿನ ಕೊನೆಯ ಸಂಕೇತ ಹಲಂತವಾಗಿದ್ದು, ಈಗಿನ ತುಂಡು ಕ-ದಿಂದ ಹ-ವರೆಗಿನ ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸಿ. ಇಲ್ಲದಿದ್ದರೆ ಹೊಸ ತುಂಡಾಗಿ ಬಿಡಿ. ಹಲಂತದ ಯೂನಿಕೋಡ್ ಸಂಖ್ಯೆ ಯು+0ಸಿಸಿಡಿ. ವ್ಯಂಜನಗಳು ಯು+0ಸಿ95ರಿಂದ ಯು+0ಸಿಬಿ9. ಹಳಗನ್ನಡ ಪಠ್ಯ ಇದ್ದರೆ ೞ ಕೂಡ ಸೇರಿಸಿಕೊಳ್ಳಿ, ಅದು ಯು+0ಸಿಡಿಇ, ಈ ಸಾಲಿನ ಆಚೆ ಇದೆ.

ಇಷ್ಟು ಮಾಡಿದರೆ ‘ಸ್ತ್ರೀ’ ಒಂದು, ‘ಕನ್ನಡ’ ಮೂರು, ‘ಕರ್ನಾಟಕ’ ನಾಲ್ಕು. ಮುಂದೆ ಕನ್ನಡವೂ ಪಟ್ಟಿಗೆ ಸೇರಿದರೆ ಈ ಲೂಪ್‌ಗೆ ಕೆಲಸ ಇರುವುದಿಲ್ಲ ಅಷ್ಟೇ, ಏನೂ ಕೆಡುವುದಿಲ್ಲ.

ತುಂಗಾತೀರ

ತುಂಬಾ ಉಪಕಾರ. ಇದನ್ನು ‘ಅಕ್ಷರಗಳು’ ಅಂತ ಒಂದು ಫಂಕ್ಷನ್ ಮಾಡಿ ಇಟ್ಟುಕೊಂಡರೆ ಮೊದಲ ಅಕ್ಷರಕ್ಕೂ ಎಣಿಕೆಗೂ ಕತ್ತರಿಸುವುದಕ್ಕೂ ಅದೊಂದೇ ಸಾಕು.

ಹಂಚಿನಮನೆ

ಬಯಲುಸೀಮೆಯವರೇ, ರಾಜ್‌ಕುಮಾರ್ ಅಂತ ಬರೆದಾಗ ಏನಾಗುತ್ತದೆ? ಅಲ್ಲಿ ಜ-ಗೆ ಹಲಂತ, ಆಮೇಲೆ ಕು. ಅಂಟಿಸಿಬಿಟ್ಟರೆ ತಪ್ಪಲ್ವಾ?

ಬಯಲುಸೀಮೆ

ಒಳ್ಳೆ ಪ್ರಶ್ನೆ. ಸರಿಯಾಗಿ ಟೈಪ್ ಮಾಡಿದ ರಾಜ್‌ಕುಮಾರ್‌ನಲ್ಲಿ ಹಲಂತದ ಪಕ್ಕ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಇದೆ, ಜೀರೋ ವಿಡ್ತ್ ನಾನ್ ಜಾಯ್ನರ್, ಯು+200ಸಿ. ಅದು ಇರುವುದರಿಂದಲೇ ‘ಕು’ ಜ-ಕಾರದ ಒತ್ತಾಗದೆ ಬಿಡಿಯಾಗಿ ನಿಲ್ಲುತ್ತದೆ. ಸೆಗ್ಮೆಂಟರ್ ಆ ಸಂಕೇತವನ್ನು ‘ಜ್’ ಜೊತೆಗೇ ಇಡುತ್ತದೆ. ಹಾಗಾಗಿ ತುಂಡಿನ ಕೊನೆಯಲ್ಲಿ ಇರುವುದು ಹಲಂತ ಅಲ್ಲ, ನಾನ್ ಜಾಯ್ನರ್. ನಮ್ಮ ಲೂಪ್ ಅಂಟಿಸುವುದಿಲ್ಲ. ಬೇರೆ ಷರತ್ತು ಬರೆಯುವ ಅಗತ್ಯವೇ ಇಲ್ಲ.

‘ರ‍್ಯಾಂಕ್’ ಪದದಲ್ಲಿ ಉಲ್ಟಾ. ಅರ್ಕಾವತ್ತು ಬಾರದಂತೆ ರ-ದ ಪಕ್ಕ ಜಾಯ್ನರ್, ಯು+200ಡಿ, ಅದರ ನಂತರ ಹಲಂತ, ಆಮೇಲೆ ಯ. ತುಂಡು ಹಲಂತದಲ್ಲೇ ಮುಗಿಯುತ್ತದೆ, ಹಾಗಾಗಿ ಅಂಟುತ್ತದೆ. ಅದೂ ಸರಿಯೇ.

ಡೇಟಾಮನೆ

ಆ ಕಾಣದ ಸಂಕೇತದ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಸೇವ್ ಮಾಡುವ ಮೊದಲು ಇನ್‌ಪುಟ್ ‘ಶುಚಿ’ ಮಾಡುವ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಒಂದು ಎಲ್ಲ ಕಡೆ ಓಡಾಡುತ್ತಿದೆ. ಯು+200ಬಿ-ಯಿಂದ ಯು+200ಡಿ-ವರೆಗೆ ಇರುವುದನ್ನೆಲ್ಲ ಅಳಿಸು ಅಂತ. ಕನ್ನಡ ಪಠ್ಯದ ಮೇಲೆ ಅದನ್ನು ದಯವಿಟ್ಟು ಓಡಿಸಬೇಡಿ. ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತದೆ. ಜನರ ಹೆಸರು ಅದು. ಒಮ್ಮೆ ಡೇಟಾಬೇಸ್‌ನಲ್ಲಿ ಅಳಿದರೆ ಎಲ್ಲಿತ್ತು ಅಂತ ಕಂಡುಹಿಡಿಯಲು ದಾರಿಯೇ ಇಲ್ಲ.

ಆದರೆ ಹುಡುಕಾಟಕ್ಕೆ ಅದು ಅಡ್ಡಿ, ಅದೂ ನಿಜ. ಒಬ್ಬರು ನಾನ್ ಜಾಯ್ನರ್ ಹಾಕಿ ಟೈಪ್ ಮಾಡಿರುತ್ತಾರೆ, ಹುಡುಕುವವರು ಹಾಕಿರುವುದಿಲ್ಲ. ಹಾಗಾಗಿ ಎರಡು ಕಾಲಮ್ ಇಡಿ. ತೋರಿಸುವ ಕಾಲಮ್‌ನಲ್ಲಿ ಪಠ್ಯ ಇದ್ದ ಹಾಗೇ. ಹುಡುಕುವ ಕಾಲಮ್‌ನಲ್ಲಿ ಜಾಯ್ನರ್, ನಾನ್ ಜಾಯ್ನರ್ ಎರಡನ್ನೂ ತೆಗೆದ ಪಠ್ಯ. ಹುಡುಕುವವರು ಟೈಪ್ ಮಾಡಿದ್ದಕ್ಕೂ ಅದೇ ಫಂಕ್ಷನ್ ಓಡಿಸಿ ಹೋಲಿಸಿ.

ಎರಡೂ ಕಾಲಮ್‌ಗೆ ಮುಂಚೆ ನಾರ್ಮಲೈಸ್ ಮಾಡುವುದನ್ನು, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಬರವಣಿಗೆಯನ್ನು ಒಂದೇ ರೂಪಕ್ಕೆ ತರುವುದನ್ನು ಮಾತ್ರ ಬಿಡಬೇಡಿ. ಆ ರೂಪದ ಹೆಸರು ಎನ್‌ಎಫ್‌ಸಿ. ‘ಕೊ’ ಎರಡು ಥರ ಬರಬಹುದು. ಒ-ಕಾರದ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎ-ಕಾರ ಮತ್ತು ಊ-ಕಾರದ ಚಿಹ್ನೆ ಸೇರಿ. ಪರದೆಯಲ್ಲಿ ಎರಡೂ ‘ಕೊ’. ಹೋಲಿಸಿದರೆ ಬೇರೆ ಬೇರೆ. ಕೀ, ಕೇ, ಕೈ, ಕೋ ಎಲ್ಲಕ್ಕೂ ಹೀಗೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಫೈಲ್ ಹೆಸರನ್ನು ಹೀಗೆ ಬಿಡಿಸಿಯೇ ಇಡುತ್ತಿದ್ದವು. ಅಂಥ ಕಂಪ್ಯೂಟರಿನಿಂದ ‘ಕೊಡಗು’ ಹೆಸರಿನ ಫೈಲ್ ಅಪ್‌ಲೋಡ್ ಆದರೆ, ಪಟ್ಟಿಯಲ್ಲಿ ಕಂಡರೂ ಹುಡುಕಿದರೆ ಸಿಗುವುದಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ನ ಎನ್‌ಕೋಡಿಂಗ್ ಯುಟಿಎಫ್8ಎಂಬಿ4 ಇರಲಿ. ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಸಾಕು, ಹಳೆಯ 3 ಬೈಟ್‌ನ ಯುಟಿಎಫ್8ನಲ್ಲೂ ಕೂರುತ್ತದೆ. ಆದರೆ ಕನ್ನಡದ ಕಾಮೆಂಟ್ ಜೊತೆ ಯಾರಾದರೂ 4 ಬೈಟ್ ಬೇಕಾದ ಒಂದು ಇಮೋಜಿ ಹಾಕಿದ ಕೂಡಲೇ ತೊಂದರೆ ಶುರು.

ಹೊಸಬಳು

ನಾನು ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ನೋಂದಣಿ ಫಾರಂನಲ್ಲಿ ಹೆಸರಿಗೆ ಗರಿಷ್ಠ 15 ಅಕ್ಷರ ಅಂತ ಮ್ಯಾಕ್ಸ್‌ಲೆಂಗ್ತ್ ಕೊಟ್ಟಿದ್ದಾರೆ. ಕನ್ನಡದಲ್ಲಿ ಟೈಪ್ ಮಾಡುವವರು ಅರ್ಧಕ್ಕೇ ನಿಲ್ಲುತ್ತಿದೆ ಅಂತ ಹೇಳುತ್ತಿದ್ದಾರೆ. ಇದೇ ಕಾರಣವಾ ಮೇಡಂ?

ಡೇಟಾಮನೆ

ಇದೇ ಕಾರಣ ಕಣಮ್ಮ. ಮ್ಯಾಕ್ಸ್‌ಲೆಂಗ್ತ್ ಎಣಿಸುವುದು ಯುಟಿಎಫ್-16 ತುಣುಕುಗಳನ್ನು, ಅಂದರೆ ಕನ್ನಡದ ಒಂದೊಂದು ಸಂಕೇತವನ್ನೂ. ಮಲ್ಲಿಕಾರ್ಜುನಸ್ವಾಮಿ ಅಂತ ಬರೆದು ನೋಡು. ಓದಿದರೆ 7 ಅಕ್ಷರ: ಮ, ಲ್ಲಿ, ಕಾ, ರ್ಜು, ನ, ಸ್ವಾ, ಮಿ. ಬ್ರೌಸರ್ ಲೆಕ್ಕದಲ್ಲಿ 18. ಹದಿನೈದಕ್ಕೆ ನಿಂತರೆ ‘ಸ್ವ’ ಆದ ಮೇಲೆ ಏನೂ ಬೀಳುವುದಿಲ್ಲ. ಮ್ಯಾಕ್ಸ್‌ಲೆಂಗ್ತ್ ತೆಗೆದುಹಾಕು. ಮಿತಿ ಬೇಕೇ ಬೇಕು ಅಂದರೆ ಮೇಲೆ ಹೇಳಿದ ಅಕ್ಷರ ಎಣಿಸುವ ಫಂಕ್ಷನ್ ಬಳಸಿ, ಎಷ್ಟು ಉಳಿದಿದೆ ಅಂತ ಕೆಳಗೆ ತೋರಿಸು. ಡೇಟಾಬೇಸ್‌ನ ಕಾಲಮ್ ಧಾರಾಳವಾಗಿರಲಿ.

ಎಸ್‌ಎಂಎಸ್ ಕಳಿಸುವ ಕೆಲಸ ಬಂದರೆ ಇನ್ನೊಂದು ಲೆಕ್ಕ ನೆನಪಿರಲಿ. ಇಂಗ್ಲಿಷ್ ಸಂದೇಶಕ್ಕೆ ಒಂದಕ್ಕೆ 160 ಸಿಗುತ್ತದೆ, ಕನ್ನಡ ಬಂದರೆ 70. ಉದ್ದವಾಗಿ ತುಂಡಾದರೆ ಒಂದೊಂದು ತುಂಡಿಗೆ 67. ಅಲ್ಲಿ ಎಣಿಸಬೇಕಾದದ್ದು ಮಾತ್ರ ಓದುವ ಅಕ್ಷರವಲ್ಲ, ಸಂಕೇತಗಳನ್ನೇ.

ಮಂಗಳೂರುಮಳೆ

ಸ್ಲಗ್, ಅಂದರೆ ಪುಟದ ವಿಳಾಸದಲ್ಲಿ ಬರುವ ಶೀರ್ಷಿಕೆಯ ಪದಗಳ ಬಗ್ಗೆ ಹೇಳುತ್ತೇನೆ. ಶೀರ್ಷಿಕೆಯಿಂದ ವಿಳಾಸ ಮಾಡುವ ತುಣುಕು ಎ-ಯಿಂದ ಝಡ್-ವರೆಗೆ, ಸೊನ್ನೆಯಿಂದ ಒಂಬತ್ತರವರೆಗೆ ಬಿಟ್ಟು ಉಳಿದದ್ದನ್ನೆಲ್ಲ ಅಳಿಸುತ್ತದೆ. ಕನ್ನಡ ಶೀರ್ಷಿಕೆ ಕೊಟ್ಟರೆ ಖಾಲಿ ಸ್ಟ್ರಿಂಗ್. ಇದನ್ನು ಸರಿಮಾಡಲು ಯು ಫ್ಲ್ಯಾಗ್ ಹಾಕಿ ‘ಯಾವುದೇ ಭಾಷೆಯ ಅಕ್ಷರ’ ಅಂತ ಹೇಳುವ ಪಿ ಎಲ್ ಬಳಸುತ್ತಾರೆ. ಅಷ್ಟೇ ಹಾಕಿದರೆ ‘ಬೆಂಗಳೂರು’ ಹೋಗಿ ‘ಬಗಳರ’ ಆಗುತ್ತದೆ! ಗುಣಿತದ ಚಿಹ್ನೆ, ಅನುಸ್ವಾರ, ಹಲಂತ ಯಾವುದೂ ಯೂನಿಕೋಡಿನ ಕಣ್ಣಿಗೆ ಅಕ್ಷರ ಅಲ್ಲ. ಅವು ಮಾರ್ಕ್, ಅಂದರೆ ಪಿ ಎಂ. ಹಾಗಾಗಿ ಎಲ್, ಎಂ, ಎನ್ ಮೂರನ್ನೂ ಉಳಿಸಿ, ಮಿಕ್ಕಿದ್ದನ್ನು ಅಡ್ಡಗೆರೆ ಮಾಡಿ.

ನನ್ನ ಅಭಿಪ್ರಾಯ ಕೇಳಿದರೆ ವಿಳಾಸ ಕನ್ನಡದಲ್ಲೇ ಇರಲಿ. ಕನ್ನಡ ವಿಕಿಪೀಡಿಯ ಹಾಗೇ ಮಾಡುತ್ತದೆ.

ಬಯಲುಸೀಮೆ

ನಾನು ಒಪ್ಪುವುದಿಲ್ಲ ಮಳೆಯವರೇ. ಕನ್ನಡದ ಒಂದೊಂದು ಸಂಕೇತ ಶೇಕಡಾ ಚಿಹ್ನೆ ಹಾಕಿ ಎನ್‌ಕೋಡ್ ಆದಾಗ 9 ಕ್ಯಾರೆಕ್ಟರ್ ಆಗುತ್ತದೆ. ಬರೀ ‘ಕರ್ನಾಟಕ’ ಪದಕ್ಕೆ 63. ಆರು ಪದದ ಶೀರ್ಷಿಕೆಯನ್ನು ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಿದರೆ ಪರದೆ ತುಂಬ ಶೇಕಡಾ ಚಿಹ್ನೆ. ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನಂಥವರು ಅದನ್ನು ನೋಡಿ ವೈರಸ್ ಲಿಂಕ್ ಅಂದುಕೊಂಡು ಮುಟ್ಟುವುದೇ ಇಲ್ಲ. ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಇಟ್ಟರೆ ಫೋನಿನಲ್ಲಿ ಬಾಯಲ್ಲೂ ಹೇಳಬಹುದು.

ಮಂಗಳೂರುಮಳೆ

ಹಂಚುವಾಗ ಆಗುವ ತೊಂದರೆ ನಿಜ. ಆದರೆ ವಿಳಾಸ ಪಟ್ಟಿಯಲ್ಲಿ ಬ್ರೌಸರ್ ಕನ್ನಡವನ್ನೇ ತೋರಿಸುತ್ತದೆ, ಓದುವವರಿಗೆ ಅದು ಹಿತ. ರೋಮನ್‌ಗೆ ಇಳಿಸಿದರೆ ಕಲ, ಕಳ, ಕಾಲ, ಕಾಳ ಎಲ್ಲ ಒಂದೇ ಆಗುವ ಸಂಭವವೂ ಇದೆ.

ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಹೀಗೆ. ವಿಳಾಸದಲ್ಲಿ ಮೊದಲು ಲೇಖನದ ಸಂಖ್ಯೆ, ಆಮೇಲೆ ಕನ್ನಡ ಸ್ಲಗ್. ಸರ್ವರ್ ಸಂಖ್ಯೆಯನ್ನು ಮಾತ್ರ ನೋಡಲಿ. ಸ್ಲಗ್ ಅರ್ಧ ತುಂಡಾಗಿದ್ದರೂ, ಇಲ್ಲದೇ ಹೋದರೂ ಪುಟ ತೆರೆಯಬೇಕು. ಪೂರ್ತಿ ವಿಳಾಸವನ್ನು, ಪುಟದ ಅಸಲಿ ವಿಳಾಸ ಇದೇ ಅಂತ ಸರ್ಚ್ ಎಂಜಿನ್‌ಗೆ ಹೇಳುವ ಕೆನಾನಿಕಲ್ ಲಿಂಕ್‌ನಲ್ಲಿ ಕೊಡಿ. ‘ಹಂಚಿ’ ಬಟನ್ ಒತ್ತಿದಾಗ ಬರೀ ಸಂಖ್ಯೆಯ ಚಿಕ್ಕ ವಿಳಾಸ ಹೋಗಲಿ.

ಬಯಲುಸೀಮೆ

ಇದಕ್ಕೆ ನನ್ನ ತಕರಾರಿಲ್ಲ. ಚೆನ್ನಾಗಿದೆ.

ಸೊಪ್ಪಿನಸಾರು

ಸಿಎಸ್‌ಎಸ್ (ಪುಟದ ನೋಟ ಹೊಂದಿಸುವ ಭಾಷೆ) ಕಡೆಯಿಂದ ನಾನು. ಮೊದಲು ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ‘ಕೆಎನ್’ ಇದೆಯಾ ನೋಡಿ. ಟೆಂಪ್ಲೇಟ್ ಕಾಪಿ ಮಾಡಿದ ಸೈಟ್‌ಗಳಲ್ಲಿ ಪುಟ ಪೂರ್ತಿ ಕನ್ನಡ ಇದ್ದರೂ ಅಲ್ಲಿ ‘ಇಎನ್’ ಅಂತಲೇ ಉಳಿದಿರುತ್ತದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತೀರ್ಮಾನಿಸುವುದು ಇದನ್ನು ನೋಡಿಯೇ. ಅದು ತಪ್ಪಿದ್ದರೆ ಅವರಿಗೆ ಪುಟವೇ ಇಲ್ಲದ ಹಾಗೆ. ಬೇರೆ ಎಲ್ಲಕ್ಕಿಂತ ಮುಂಚೆ ಇದನ್ನು ಸರಿಮಾಡಿ.

ಲ್ಯಾಂಗ್ ಸರಿಯಿದ್ದರೆ ಕನ್ನಡಕ್ಕೆ ಮಾತ್ರ ಬೇಕಾದ ಸ್ಟೈಲ್ ಅನ್ನು ಲ್ಯಾಂಗ್ ಸೆಲೆಕ್ಟರ್ ಒಳಗೆ ಬರೆಯಬಹುದು. ನಾನು ಹಾಕುವುದು ಇಷ್ಟು. ಲೈನ್ ಹೈಟ್ 1.7 ಆಸುಪಾಸು. 1.2 ಇಂಗ್ಲಿಷಿಗೆ ಸಾಕು, ನಮ್ಮ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ಹೋಗಿ ತಾಗುತ್ತವೆ. ಲೆಟರ್ ಸ್ಪೇಸಿಂಗ್ ಸೊನ್ನೆ. ಫಾಂಟ್ ಸಿಂಥೆಸಿಸ್ ‘ನನ್’, ಇಲ್ಲದಿದ್ದರೆ ಇಟಾಲಿಕ್ ಇಲ್ಲದ ಫಾಂಟನ್ನೂ ಬ್ರೌಸರ್ ಎಳೆದು ಓರೆ ಮಾಡುತ್ತದೆ. ಓವರ್‌ಫ್ಲೋ ರ‍್ಯಾಪ್ ‘ಎನಿವೇರ್’, ಯಾಕೆ ಅಂದರೆ ‘ಮಾಡಿಕೊಳ್ಳಬೇಕಾಗಿರುವುದರಿಂದ’ ಥರದ ಪದ ಚಿಕ್ಕ ಮೊಬೈಲ್‌ನಲ್ಲಿ ಬಾಕ್ಸ್ ಆಚೆ ಹೋಗುತ್ತದೆ. ಶೀರ್ಷಿಕೆಗೆ ಟೆಕ್ಸ್ಟ್ ರ‍್ಯಾಪ್ ‘ಬ್ಯಾಲೆನ್ಸ್’, ಸಾಲುಗಳ ಉದ್ದ ಸಮನಾಗಿ ಇರಲಿ ಅಂತ.

ಬಟನ್‌ಗೆ ಹೈಟ್ ಇಷ್ಟೇ ಪಿಕ್ಸೆಲ್ ಅಂತ ಕಟ್ಟಿಹಾಕಿ ಓವರ್‌ಫ್ಲೋ ಹಿಡನ್ ಕೊಡಬೇಡಿ. ‘ಒಪ್ಪಿದ್ದೇನೆ’ ಬಟನ್‌ನಲ್ಲಿ ಪ-ವತ್ತು, ದ-ವತ್ತು ಎರಡರ ಬುಡವೂ ಕತ್ತರಿಸಿ ಹೋಗುತ್ತದೆ. ಮಿನ್ ಹೈಟ್ ಮತ್ತು ಪ್ಯಾಡಿಂಗ್ ಸಾಕು.

ಹಂಚಿನಮನೆ

ಫಾಂಟ್ ಯಾವುದು ಬಳಸುತ್ತೀರಿ ಮೇಡಂ?

ಸೊಪ್ಪಿನಸಾರು

ಉದ್ದ ಲೇಖನಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ಟೀರೊ ಕನ್ನಡ. ಬಟನ್, ಮೆನುಗಳಿಗೆ ಅನೇಕ್ ಕನ್ನಡ, ಅದರಲ್ಲಿ ದಪ್ಪ-ಅಗಲ ಎರಡನ್ನೂ ಹೊಂದಿಸಬಹುದು. ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಕೊನೆಯ ಆಸರೆಯಾಗಿ ವಿಂಡೋಸ್‌ಗೆ ನಿರ್ಮಲಾ ಯುಐ, ಹಳೆಯದಕ್ಕೆ ತುಂಗಾ, ಮ್ಯಾಕ್‌ಗೆ ಕನ್ನಡ ಸಂಗಮ್ ಎಂಎನ್ ಹೆಸರುಗಳನ್ನು ಸಾಲಿಗೆ ಸೇರಿಸಿ.

ಫಾಂಟನ್ನು ನಿಮ್ಮ ಸರ್ವರ್‌ನಿಂದಲೇ ಕೊಡುವುದಾದರೆ, ಯಾವ ಸಂಕೇತಗಳಿಗೆ ಆ ಫಾಂಟ್ ಅಂತ ಹೇಳುವ ಯೂನಿಕೋಡ್ ರೇಂಜ್‌ನಲ್ಲಿ 0ಸಿ80ರಿಂದ 0ಸಿಎಫ್ಎಫ್ ಜೊತೆ 200ಸಿ, 200ಡಿ, ರೂಪಾಯಿ ಚಿಹ್ನೆಯ 20ಬಿ9, ಚುಕ್ಕಿ ವೃತ್ತದ 25ಸಿಸಿ ಸೇರಿಸಿ. ಜಾಯ್ನರ್ ಎರಡನ್ನೂ ಬಿಟ್ಟರೆ ಅದೊಂದು ಸಂಕೇತಕ್ಕೆ ಬ್ರೌಸರ್ ಬೇರೆ ಫಾಂಟ್ ಹುಡುಕಬಹುದು, ಪದ ಮಧ್ಯದಲ್ಲೇ ಮುರಿಯಬಹುದು.

ಕಲಘಟಗಿ

ಊರುಗಳ ಪಟ್ಟಿಯ ಡ್ರಾಪ್‌ಡೌನ್ ಮಾಡುವವರಿಗೆ ಒಂದು ಮಾತು. ಸುಮ್ನೆ ಸಾರ್ಟ್ ಅಂತ ಬರೆದರೆ ಸಂಕೇತದ ಸಂಖ್ಯೆ ಪ್ರಕಾರ ಸಾಲಾಗುತ್ತದೆ. ಯೂನಿಕೋಡಿನಲ್ಲಿ ಳ ಇರುವುದು ಲ-ದ ಪಕ್ಕ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕಟ್ಟಕಡೆಗೆ. ಹಾಗಾಗಿ ಕವಿತಾಳಕ್ಕಿಂತ ಮುಂಚೆ ಕಳಸ ಬಂದು ಕೂರುತ್ತದೆ. ವರ್ಣಮಾಲೆ ಕ್ರಮದಲ್ಲಿ ಹುಡುಕುವವರಿಗೆ ಊರು ಸಿಗುವುದಿಲ್ಲ.

ಭಾಷೆಯ ಕ್ರಮದಲ್ಲಿ ಹೋಲಿಸುವ ಇಂಟ್ಲ್ ಕೊಲೇಟರ್ ಒಂದನ್ನು ‘ಕೆಎನ್’ ಲೊಕೇಲ್‌ಗೆ ಮಾಡಿಟ್ಟುಕೊಂಡು, ಅದರ ಕಂಪೇರ್ ಅನ್ನು ಸಾರ್ಟ್‌ಗೆ ಕೊಡಿ. ನ್ಯೂಮರಿಕ್ ಆಯ್ಕೆ ‘ಟ್ರೂ’ ಮಾಡಿದರೆ ವಾರ್ಡ್ 10 ಬಂದು ವಾರ್ಡ್ 2ರ ಮುಂದೆ ನಿಲ್ಲುವುದೂ ತಪ್ಪುತ್ತದೆ. ಪ್ರತಿ ಹೋಲಿಕೆಗೂ ಲೊಕೇಲ್ ಕಂಪೇರ್ ಕರೆಯುವುದಕ್ಕಿಂತ ಒಂದೇ ಕೊಲೇಟರ್ ಇಟ್ಟುಕೊಳ್ಳುವುದು ದೊಡ್ಡ ಪಟ್ಟಿಯಲ್ಲಿ ವೇಗ.

ಹೊಸಬಳು

ಕನ್ನಡ ಅಂಕಿಯಲ್ಲಿ ಫೋನ್ ನಂಬರ್ ಹಾಕಿದರೆ ‘ತಪ್ಪು ಸಂಖ್ಯೆ’ ಅಂತ ತೋರಿಸುತ್ತದೆ. ಇದನ್ನು ಹೇಗೆ ಸರಿಮಾಡುವುದು?

ಕಲಘಟಗಿ

ರೆಜೆಕ್ಸ್‌ನ ಬ್ಯಾಕ್‌ಸ್ಲ್ಯಾಶ್ ಡಿ ಜಾವಾಸ್ಕ್ರಿಪ್ಟ್‌ನಲ್ಲಿ 0-9 ಬಿಟ್ಟು ಬೇರೆ ಅಂಕಿ ಹಿಡಿಯುವುದಿಲ್ಲ. ‘೧೨’ ಕೊಟ್ಟು ನಂಬರ್ ಮಾಡು ಅಂದರೆ ನ್ಯಾನ್ (ಇದು ಸಂಖ್ಯೆಯೇ ಅಲ್ಲ ಅಂತ) ಸಿಗುತ್ತದೆ. ಪರೀಕ್ಷೆಗೆ ಮುಂಚೆ ೦-ಯಿಂದ ೯-ರವರೆಗಿನ ಪ್ರತಿ ಅಂಕಿಯ ಕೋಡ್ ಸಂಖ್ಯೆಯಿಂದ 3302 ಕಳೆದು ಬದಲಾಯಿಸಿ. ೦-ಯ ಕೋಡ್ 3302, ಹಾಗಾಗಿ ಉಳಿಯುವುದೇ ಅಂಕಿ. ಇನ್‌ಪುಟ್ ಟೈಪ್ ‘ನಂಬರ್’ ಬೇಡ, ‘ಟೆಲ್’ ಇಡಿ. ಕನ್ನಡ ಅಂಕಿ ಹಾಕಿದವರದ್ದು ತಪ್ಪಲ್ಲ, ಅವರಿಗೆ ‘ತಪ್ಪು’ ಅಂತ ಕೆಂಪು ಅಕ್ಷರ ತೋರಿಸುವುದು ಸರಿಯಲ್ಲ.

ತೋರಿಸುವಾಗ ಕನ್ನಡ ಅಂಕಿ ಬೇಕಿದ್ದರೆ ನಂಬರ್ ಫಾರ್ಮ್ಯಾಟ್‌ನಲ್ಲಿ ನಂಬರಿಂಗ್ ಸಿಸ್ಟಮ್ ‘ಕೆಎನ್‌ಡಿಎ’. ಲಕ್ಷ-ಕೋಟಿಯ ಅಲ್ಪವಿರಾಮ ಖಾತ್ರಿಯಾಗಿ ಬೇಕಿದ್ದರೆ ಲೊಕೇಲ್ ‘ಇಎನ್-ಐಎನ್’ ಇಟ್ಟು ಇದನ್ನು ಸೇರಿಸಿ. 1234567 ಕೊಟ್ಟರೆ ೧೨,೩೪,೫೬೭ ಬರುತ್ತದೆ.

ಹಂಚಿನಮನೆ

ನಮ್ಮಲ್ಲಿ ಇನ್ನೊಂದು ತೊಂದರೆ. ಹಳೆ ಕಡತಗಳಿಂದ ಪೇಸ್ಟ್ ಮಾಡುವವರು ಜಾಸ್ತಿ. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಫಾರಂನಲ್ಲಿ ತಲೆ ಮೇಲೆ ಗೆರೆ ಇರುವ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಸೇವ್ ಆದ ಮೇಲೆ ಗೊತ್ತಾಗುತ್ತದೆ.

ಡೇಟಾಮನೆ

ಪೇಸ್ಟ್ ಆದಾಗಲೇ ಹಿಡಿಯಬಹುದು. ಪೇಸ್ಟ್ ಈವೆಂಟ್‌ನಲ್ಲಿ ಪಠ್ಯ ತೆಗೆದುಕೊಂಡು ಎರಡು ಎಣಿಕೆ ಮಾಡಿ. ಕನ್ನಡ ಸಾಲಿನ ಸಂಕೇತ ಎಷ್ಟು, ಯು+00ಸಿ0ಯಿಂದ ಯು+00ಎಫ್ಎಫ್‌ವರೆಗಿನ ಸಂಕೇತ ಎಷ್ಟು. ಮೊದಲನೆಯದು ಸೊನ್ನೆ, ಎರಡನೆಯದು ರಾಶಿ ಇದ್ದರೆ ಅದು ಹಳೆ ಫಾಂಟ್. ‘ಈ ಪಠ್ಯ ಹಳೆಯ ಫಾಂಟಿನದು, ಯೂನಿಕೋಡ್‌ಗೆ ಬದಲಾಯಿಸಲೇ?’ ಅಂತ ಕೇಳಿ. ಕೇಳದೆ ಬದಲಾಯಿಸಬೇಡಿ. ಆ ಫಾಂಟ್‌ಗಳು ಸಾಮಾನ್ಯ ಇಂಗ್ಲಿಷ್ ಅಕ್ಷರದ ಜಾಗಗಳನ್ನೂ ಕನ್ನಡಕ್ಕೆ ಬಳಸಿಕೊಂಡಿವೆ. ಮಧ್ಯೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಬದಲಾಯಿಸಿದ್ದನ್ನು ತೋರಿಸಿ, ಅವರು ಒಮ್ಮೆ ಓದಿ ಒಪ್ಪಿದ ಮೇಲೆ ಸೇವ್ ಮಾಡಿ.

ಮಂಗಳೂರುಮಳೆ

ಹುಡುಕಿದ ಪದಕ್ಕೆ ಹಳದಿ ಬಣ್ಣ ಹಚ್ಚುವವರಿಗೆ ಒಂದು ಸಣ್ಣ ವಿಷಯ. ಯಾರೋ ‘ಕೊಪ’ ಅಂತ ಹುಡುಕಿದರೆ ‘ಕೊಪ್ಪಳ’ದಲ್ಲಿ ಅದು ಸಿಗುತ್ತದೆ. ಅಷ್ಟಕ್ಕೆ ಮಾರ್ಕ್ ಟ್ಯಾಗ್ ಸುತ್ತಿದರೆ ಹಲಂತ ಮತ್ತು ಒತ್ತು ಟ್ಯಾಗ್ ಆಚೆ ಉಳಿಯುತ್ತವೆ, ಅಕ್ಷರ ಸೀಳುವ ಅಪಾಯ ಇದೆ. ಸಿಕ್ಕ ಜಾಗದ ಕೊನೆಯನ್ನು ಮುಂದಿನ ಪೂರ್ತಿ ಅಕ್ಷರದವರೆಗೆ ಹಿಗ್ಗಿಸಿ, ಆಮೇಲೆ ಸುತ್ತಿ. ಬಯಲುಸೀಮೆಯವರ ಫಂಕ್ಷನ್ ಇಲ್ಲೂ ಕೆಲಸಕ್ಕೆ ಬರುತ್ತದೆ.

ಹೊಸಬಳು

ಕೊನೆಯದಾಗಿ ಇನ್ನೊಂದು. ನಮ್ಮ ಚಾಟ್ ಬಾಕ್ಸ್‌ನಲ್ಲಿ ಇಂಗ್ಲಿಷ್ ಕೀಲಿಯಲ್ಲಿ ಕನ್ನಡ ಟೈಪ್ ಮಾಡುವವರು ಸಲಹೆ ಪಟ್ಟಿಯಿಂದ ಪದ ಆರಿಸಲು ಎಂಟರ್ ಒತ್ತುತ್ತಾರೆ. ಪದ ಬೀಳುವ ಮೊದಲೇ ಸಂದೇಶ ಹೋಗಿಬಿಡುತ್ತದೆ.

ಬಯಲುಸೀಮೆ

ಕೀಡೌನ್‌ನಲ್ಲಿ ಎಂಟರ್ ನೋಡುವ ಮೊದಲು ಈವೆಂಟ್‌ನ ‘ಈಸ್ ಕಂಪೋಸಿಂಗ್’ (ಪದ ಇನ್ನೂ ಕೂಡುತ್ತಿದೆಯಾ ಅಂತ ಹೇಳುವ ಗುರುತು) ನೋಡಿ. ಅದು ಟ್ರೂ ಇದ್ದರೆ ಏನೂ ಮಾಡದೆ ವಾಪಸ್. ಸಫಾರಿಯಲ್ಲಿ ಕಂಪೋಸಿಷನ್ ಮುಗಿದ ಈವೆಂಟ್ ಮೊದಲು ಬಂದು ಕೀಡೌನ್ ಆಮೇಲೆ ಬರುತ್ತದೆ, ಆಗ ಅದು ಫಾಲ್ಸ್ ಆಗಿರುತ್ತದೆ. ಅದಕ್ಕೆ ಕೀಕೋಡ್ 229 ಇದೆಯಾ ಅಂತಲೂ ನೋಡಿ. ಎರಡರಲ್ಲಿ ಯಾವುದಿದ್ದರೂ ಕಳಿಸಬೇಡಿ.

ಹೊಸಬಳು

ಎರಡೂ ಷರತ್ತು ಹಾಕಿದೆ ಸರ್. ಕ್ರೋಮ್, ಸಫಾರಿ ಎರಡರಲ್ಲೂ ಸರಿಯಾಯಿತು. ಮ್ಯಾಕ್ಸ್‌ಲೆಂಗ್ತ್ ಕೂಡ ತೆಗೆಸಿದ್ದೇನೆ ಮೇಡಂ.